ಹಾಲು ಆಲಾದರೆ ತಪ್ಪೇ?



'ಹಾಲು' ಎನ್ನದೆ 'ಆಲು' ಎನ್ನುವ ಮಗುವನ್ನು ಗದರಿಸಿ ತಿದ್ದಬೇಕಲ್ಲವೇ ಎಂದು ತಾಯಿಯೊಬ್ಬರು ಚೀಟಿ ಕಳಿಸಿದ್ದಾರೆ. ನಾನು ಭಾಷಾಪಂಡಿತನಲ್ಲ, ಸೇತುವೆ ಕಟ್ಟಿದವನು; ಓದಿ ತಿಳಿದದ್ದನ್ನು ಹೇಳುತ್ತೇನೆ.

10ನೆಯ ಶತಮಾನದ ಪಂಪನಿಗೆ ಹುಲಿ 'ಪುಲಿ', ಹೂ 'ಪೂ'. ತಮಿಳರಿಗೆ ಇಂದಿಗೂ ಹಾಲು 'ಪಾಲ್', ಹತ್ತು 'ಪತ್ತು'. ಪ ಎನ್ನಲು ತುಟಿ ಪೂರ್ತಿ ಮುಚ್ಚಬೇಕು. ನಮ್ಮ ಪಂಪಿನ ಕವಾಟದಂತೆ ಅದು ಸಡಿಲವಾದರೆ ಉಳಿಯುವುದು ಬರೀ ಗಾಳಿ, ಅದೇ ಹ. ಆ ಗಾಳಿಯೂ ನಿಂತರೆ 'ಆಲು'. ಬಸವಣ್ಣನವರ 12ನೆಯ ಶತಮಾನದಲ್ಲಿ ಪ ಹ ಆಗುವುದು ಇನ್ನೂ ನಡೆದೇ ಇತ್ತು. ಶಾಸನಗಳಲ್ಲಿ ಎರಡೂ ರೂಪ ಸಿಗುತ್ತವೆ. ಪಂಪನ ಕಿವಿಗೆ ನಮ್ಮ 'ಹಾಲು' ಕೂಡ ಒರಟು ಮಾತೇ ಆಗಿರುತ್ತಿತ್ತೇನೋ!

ಬರೆಯುವಾಗ 'ಹಾಲು' ಎಂದೇ ಕಲಿಸಿ, ತಾಯಿ. ಪರೀಕ್ಷೆಗೆ ಅದು ಬೇಕು. ಮನೆಯಲ್ಲಿ ಮಗು ಆಲನ್ನೇ ಕುಡಿಯಲಿ. ನೆಂಟರೆದುರು ನಕ್ಕು ಅದರ ಬಾಯಿ ಮುಚ್ಚಿಸಬೇಡಿ.