ಸೂಜಿ ಎಸೆದವರಿಗೆ ಚುಚ್ಚುವುದಿಲ್ಲ

(ಕಂಗ್ಟಿಯಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ದವಾಖಾನೆಗೆ ಹೋಗುತ್ತೇವೆ, ಸೂಜಿ ಮಾಡಿಸಿಕೊಳ್ಳುತ್ತೇವೆ, ಜ್ವರ ಇಳಿಯುತ್ತದೆ. ಆ ಸೂಜಿ ಆಮೇಲೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಅದು ತಿಪ್ಪೆಗೆ ಹೋದರೆ ಎಸೆದವರಿಗೆ ಚುಚ್ಚುವುದಿಲ್ಲ. ಕಸ ಗುಡಿಸುವ ತಾಯಿಗೆ, ಗುಜರಿ ಆಯುವ ಹುಡುಗನಿಗೆ, ಬರಿಗಾಲಲ್ಲಿ ಆಡುವ ಮಗುವಿಗೆ ಚುಚ್ಚುತ್ತದೆ. ಆದುದರಿಂದ ಇದು ಡಾಕ್ಟರರ ವಿಷಯ ಮಾತ್ರವಲ್ಲ, ನಮ್ಮಂಥ ದುಡಿಯುವವರ ವಿಷಯ.

ದವಾಖಾನೆಯ ಕಸವೆಲ್ಲ ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ನೂರಕ್ಕೆ 85 ಪಾಲು ಮನೆಯ ಕಸದಂಥದ್ದೇ. ಅಪಾಯವಿರುವುದು ಉಳಿದ 15 ಪಾಲಿನಲ್ಲಿ. ಎರಡನ್ನೂ ಒಂದೇ ಬುಟ್ಟಿಗೆ ಸುರಿದರೆ ಎಲ್ಲವೂ ಅಪಾಯವೇ. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ರೋಗಾಣು ದೇಹದ ಹೊರಗೆ 7 ದಿನ ಬದುಕಬಲ್ಲದು. ಅದು ಅಂಟಿದ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ರೋಗ ತಗಲುವ ಸಂಭವ ನೂರಕ್ಕೆ 30ರವರೆಗೆ ಇದೆ.

2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಈ ಕಾಮಾಲೆ ಹಬ್ಬಿ ಹಲವರು ಸತ್ತರು. ಒಬ್ಬರಿಗೆ ಬಳಸಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದ್ದೂ, ಹಳೆಯ ಸಿರಿಂಜುಗಳು ಗುಜರಿಯ ಮೂಲಕ ಮತ್ತೆ ಮಾರಾಟಕ್ಕೆ ಬರುತ್ತಿದ್ದುದೂ ಆಗ ಬಯಲಾಯಿತು.

‘ಸುಟ್ಟರಾಯಿತು’ ಎನ್ನುವವರಿದ್ದಾರೆ. ಬಯಲಲ್ಲಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಏಳುತ್ತದೆ. ಅದು ಹುಲ್ಲಿನ ಮೇಲೆ ಕೂತು, ದನದ ಹಾಲಿಗೆ ಇಳಿದು, ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ. ಹಳ್ಳಕ್ಕೆ ಎಸೆದರೆ ಮಳೆಯ ನೀರು ಅದನ್ನು ಬಾವಿಗೂ ಮಾಂಜ್ರಾ ನದಿಗೂ ಒಯ್ಯುತ್ತದೆ.

ಇದಕ್ಕೆ ಕಾನೂನಿದೆ. 1998ರಲ್ಲಿ ಮೊದಲ ನಿಯಮ ಬಂತು, 2016ರಲ್ಲಿ ಅದನ್ನು ಬಿಗಿ ಮಾಡಿದರು. ರಕ್ತ ಅಂಟಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ, ನಳಿಗೆ, ಕೈಚೀಲ, ಸೂಜಿ ತೆಗೆದ ಸಿರಿಂಜು ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಇವುಗಳನ್ನು ಊರ ಕಸದಲ್ಲಿ ಬೆರೆಸಕೂಡದು. ರಕ್ತ ಅಂಟಿದ ಕಸವನ್ನು 48 ಗಂಟೆ ಮೀರಿ ಇಟ್ಟುಕೊಳ್ಳಕೂಡದು. ಹಾಸಿಗೆ ಇಲ್ಲದ ಸಣ್ಣ ದವಾಖಾನೆಗೂ ಈ ನಿಯಮ ಉಂಟು. ತೋಟದ ದವಾಖಾನೆಗೂ ಉಂಟು. ತೆಲಂಗಾಣಕ್ಕೂ ಕರ್ನಾಟಕಕ್ಕೂ ಇದು ಒಂದೇ.

ಈ ಕಸ ಮುಟ್ಟುವ ಕೆಲಸಗಾರರಿಗೆ ಕಾಮಾಲೆ ಬಿ ಮತ್ತು ಧನುರ್ವಾಯು ಲಸಿಕೆ, ಕೈಚೀಲ, ಬೂಟು, ತರಬೇತಿ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕೊಡಲೇಬೇಕು. ಇದು ಯಾರ ದಯೆಯೂ ಅಲ್ಲ, ಹಕ್ಕು. ನಿಮ್ಮ ಮನೆಯ ಹೆಣ್ಣುಮಗಳು ದವಾಖಾನೆಯಲ್ಲಿ ಗುಡಿಸುವವಳಾಗಿದ್ದರೆ, ‘ಲಸಿಕೆ ಹಾಕಿದರೇ?’ ಎಂದು ಇವತ್ತೇ ಕೇಳಿರಿ. ಕೊಡದಿದ್ದರೆ ಒಬ್ಬೊಬ್ಬರೇ ಹೋಗಬೇಡಿರಿ. ಕೂಡಿ ಹೋಗಿ ಬರಹದಲ್ಲಿ ಕೇಳಿರಿ. ಕಸ ಬಯಲಿಗೆ ಬೀಳುತ್ತಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿರಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಇನ್ಸುಲಿನ್ ಸೂಜಿ ಇದ್ದರೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ದವಾಖಾನೆಗೆ ಒಪ್ಪಿಸಿರಿ. ಯಾರಿಗಾದರೂ ಬಿದ್ದ ಸೂಜಿ ಚುಚ್ಚಿದರೆ ಹಿಂಡಬೇಡಿರಿ, ಬಾಯಿಂದ ಹೀರಬೇಡಿರಿ. ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಸರ್ಕಾರಿ ದವಾಖಾನೆಗೆ ಓಡಿರಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಬೇಗ ಮಾಡಿದಷ್ಟೂ ಒಳ್ಳೆಯದು.

ರೋಗ ವಾಸಿ ಮಾಡುವ ಮನೆಯಿಂದ ರೋಗ ಹೊರಗೆ ಬರಬಾರದು. ಅದನ್ನು ಬಾಗಿಲಲ್ಲೇ ತಡೆಯುವ ಕೈಗಳು ನಮ್ಮವರವು. ಮೊದಲು ಆ ಕೈಗಳನ್ನು ಕಾಪಾಡೋಣ.