ಒನಕೆಯ ನೆರಳು ಮತ್ತು ಖಗೋಳಜ್ಞರ ಸಂಘ



ಗ್ರಹಣ ಹಿಡಿದಾಗ ಮಾತ್ರ ನಿಲ್ಲುತ್ತದೆಂದು ನಂಬಿ, ಆ ದಿನ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದನ್ನು ನಮ್ಮ ಮಾಗಡಿ ಸೀಮೆಯಲ್ಲಿ ನೋಡದವರು ಕಡಿಮೆ. 2019ರ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆಯಾಗಿ ಕಂಡ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿಹೋದ. ಆವತ್ತೂ ಎಷ್ಟೋ ಮನೆಗಳಲ್ಲಿ ಒನಕೆ ನಿಂತಿತು. ತಳ ಸಮವಾಗಿದ್ದರೆ ಅದು ಗ್ರಹಣವಿಲ್ಲದ ಅಮಾವಾಸ್ಯೆಗೂ ನಿಲ್ಲುತ್ತದೆ, ಸಂತೆಯ ದಿನವೂ ನಿಲ್ಲುತ್ತದೆ ಬಿಡಿ.

ಅದೇ ಒನಕೆಯನ್ನು ಏಪ್ರಿಲ್ 24 ಅಥವಾ 25ರಂದು ನಮ್ಮ ಗುಡೇಮಾರನಹಳ್ಳಿಯ ಯಾವುದಾದರೂ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಹನ್ನೆರಡು ಗಂಟೆಗೆ ನೆರಳು ಪಡುವಣಕ್ಕೆ ಇನ್ನೂ ಚಾಚಿರುತ್ತದೆ. ಆಮೇಲೆ ಬುಡದತ್ತ ಸರಿಯುತ್ತ ಸರಿಯುತ್ತ, ಸುಮಾರು 12 ಗಂಟೆ 20 ನಿಮಿಷಕ್ಕೆ ಕಾಣೆಯಾಗುತ್ತದೆ. ಸೂರ್ಯ ದಿನವೂ ನಡುನೆತ್ತಿಗೆ ಬರುತ್ತಾನೆ ಎನ್ನುವುದು ಬರೀ ವಾಡಿಕೆಯ ಮಾತು. ನಮ್ಮೂರಲ್ಲಿ ಅವನು ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ. ತೆಂಕಲಿನ ಕನಕಪುರಕ್ಕೆ ಒಂದೆರಡು ದಿನ ಮೊದಲೇ ಬಂದಿರುತ್ತಾನೆ. ಇನ್ನು ಇಪ್ಪತ್ತು ನಿಮಿಷ ತಡವೇಕೆ? ನಮ್ಮ ಗಡಿಯಾರ ನಡೆಯುವುದು ಮೂಡಣದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಪಡುವಣಕ್ಕೆ.

ಈ ಶೂನ್ಯ ನೆರಳಿನ ದಿನವನ್ನು ಶಾಲೆಗಳಿಗೆ ಮುಟ್ಟಿಸಿದವರಲ್ಲಿ ಭಾರತೀಯ ಖಗೋಳ ಸಂಘದ ಜನಸಂಪರ್ಕ ಸಮಿತಿಯೂ ಒಂದು. ಗ್ರಹಣವನ್ನು ಕಣ್ಣು ಕೆಡದಂತೆ ನೋಡುವ ಬಗೆಯನ್ನೂ ಅದು ತಿಳಿಸಿಕೊಡುತ್ತದೆ. ಸಂಘ ಹುಟ್ಟಿದ್ದು 1972ರಲ್ಲಿ. ವೇಣು ಬಾಪು ಸ್ಥಾಪಕ ಅಧ್ಯಕ್ಷರು. ಕಚೇರಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. 1910ರಲ್ಲಿ, ಹ್ಯಾಲಿ ಧೂಮಕೇತು ಬಂದ ವರ್ಷ, ಇದೇ ಹೆಸರಿನ ಸಂಘವೊಂದು ಕಲ್ಕತ್ತೆಯಲ್ಲಿ ಹುಟ್ಟಿತ್ತು. ಅದು ಬಹುಕಾಲ ಬಾಳಲಿಲ್ಲ.

ಇಂಥ ಸಂಘವೆಂದರೆ ದೊಡ್ಡ ದೂರದರ್ಶಕ ಇಟ್ಟುಕೊಂಡ ಸಂಸ್ಥೆ ಎಂದು ನಾನೂ ಮೊದಲು ತಿಳಿದಿದ್ದೆ. ಕಾವಲೂರಿನ ದೂರದರ್ಶಕ, ಲಡಾಖಿನ ಹಾನ್ಲೆಯಲ್ಲಿದ್ದು ನಮ್ಮ ಹೊಸಕೋಟೆಯಿಂದ ನಡೆಯುವ ದೂರದರ್ಶಕ, ಎರಡೂ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವು. ಸಂಘದ ಕಸುಬು ಬೇರೆ. ವರ್ಷಕ್ಕೊಮ್ಮೆ ದೇಶದ ಖಗೋಳಜ್ಞರನ್ನು ಒಂದೆಡೆ ಕೂಡಿಸುತ್ತದೆ. ಸಂಶೋಧನೆ ಮಾಡುತ್ತಿರುವ ಹುಡುಗಿ ತನ್ನ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೂಗುಹಾಕಿ ಪಕ್ಕದಲ್ಲೇ ನಿಲ್ಲುತ್ತಾಳೆ. ತಲೆ ನರೆತವರೊಬ್ಬರು ಬಂದು, 'ಇಲ್ಲಿ ತಪ್ಪಿನ ಅಂದಾಜು ಎಷ್ಟಮ್ಮ?' ಎನ್ನುತ್ತಾರೆ. ಉತ್ತರವಿಲ್ಲದಿದ್ದರೆ ಲೆಕ್ಕ ಮತ್ತೆ ಮಾಡಬೇಕು. ನನ್ನ ಮಟ್ಟಿಗೆ ಸಂಘದ ಜೀವ ಇರುವುದು ಆ ಒಂದು ಪ್ರಶ್ನೆಯಲ್ಲಿ. ನಿಂತ ಒನಕೆಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಸಂಘ ಬಹಳ ವರ್ಷ ತನ್ನದೇ ಪತ್ರಿಕೆ ತಂದಿತು. ಈಗ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಖಗೋಳ ಪತ್ರಿಕೆಯೊಂದಿಗೆ ಕೈಜೋಡಿಸಿದೆ.

ಮೇಷ್ಟ್ರುಗಳೇ, ಬರುವ ಏಪ್ರಿಲ್‌ನಲ್ಲಿ ಮಕ್ಕಳ ಕೈಗೆ ಸೀಮೆಸುಣ್ಣ ಕೊಡಿ, ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ಸೂರ್ಯನನ್ನು ಮಾತ್ರ ಯಾರೂ ದಿಟ್ಟಿಸುವುದು ಬೇಡ. ತಪ್ಪಿಹೋದರೆ ಆಗಸ್ಟ್ 17–18ರ ಹೊತ್ತಿಗೆ ಇನ್ನೊಂದು ಅವಕಾಶವಿದೆ, ಮೋಡ ಬಿಟ್ಟುಕೊಟ್ಟರೆ.