ಮುಸ್ಸಂಜೆಯ ಒಂದೂವರೆ ಗಂಟೆ

(ಶತಮಾನೋತ್ಸವದ ಪಾಲಕರ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ನಡೆಯನ್ನು ಅನೇಕರು ಸ್ಮರಿಸಿದ್ದಾರೆ. ಶಿಕ್ಷಕ ವೃಂದದ ಪರವಾಗಿ ನಾವು ಮುಂದಿನ ದಿನಗಳ ಕುರಿತು ಒಂದು ವಿನಂತಿಯನ್ನು ತಮ್ಮ ಮುಂದಿಡುತ್ತೇವೆ.

ನಮ್ಮ ಜತ್ತ ತಾಲೂಕು ಸೇರಿರುವ ಸಾಂಗಲಿ ಜಿಲ್ಲೆಯಲ್ಲಿಯೇ ಮೋಹಿತ್ಯಾಂಚೆ ವಡಗಾಂವ ಎಂಬ ಗ್ರಾಮವಿದೆ. 2022ರ ಆಗಸ್ಟ್‌ನಲ್ಲಿ ಅಲ್ಲಿಯ ಜನ ಒಂದು ನಿಯಮ ಮಾಡಿಕೊಂಡರು. ಸಂಜೆ 7 ಗಂಟೆಗೆ ಗುಡಿಯ ಸೈರನ್ ಮೊಳಗಿದೊಡನೆ ಟಿ.ವಿ., ಮೊಬೈಲು ಬಂದ್. 8-30ಕ್ಕೆ ಮತ್ತೆ ಸೈರನ್ ಆಗುವವರೆಗೆ ಮಕ್ಕಳ ಓದು, ಹಿರಿಯರ ಮಾತುಕತೆ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು ಶಾಲೆ ತೆರೆದ ಮೇಲೂ ಕೈ ಬಿಡದಿದ್ದುದೇ ಇದಕ್ಕೆ ಕಾರಣ. ಮೊದಮೊದಲು ಆಶಾ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಬೇಕಾಯಿತು.

ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ನಿದ್ರೆ ತರುವ ಮೆಲಟೋನಿನ್ ರಸದೂತದ ಸ್ರಾವ ಕುಂದುತ್ತದೆ. ಅದರ ಫಲವನ್ನು ನಾವು ಮುಂಜಾನೆಯ ಪ್ರಾರ್ಥನೆಯಲ್ಲಿಯೇ ಕಾಣುತ್ತೇವೆ: ಸಾಲಿನಲ್ಲಿ ನಿಂತ ಮಕ್ಕಳು ಆಕಳಿಸುತ್ತಿರುತ್ತಾರೆ.

ಗಡಿನಾಡಿನ ನಮಗೆ ಇನ್ನೊಂದು ಚಿಂತೆಯೂ ಇದೆ. ಇಲ್ಲಿ ಕಚೇರಿಯ ಭಾಷೆ ಮರಾಠಿ. ಮಕ್ಕಳು ನೋಡುವ ವಿಡಿಯೋಗಳ ಭಾಷೆ ಬಹುಮಟ್ಟಿಗೆ ಹಿಂದಿ. ಶಾಲೆಯ ಹೊರಗೆ ಕನ್ನಡ ಕಿವಿಗೆ ಬೀಳುವುದು ಮನೆಯ ಮಾತಿನಲ್ಲಿ, ಅಜ್ಜ-ಅಜ್ಜಿಯರ ಕಥೆ-ಒಗಟುಗಳಲ್ಲಿ. ಆ ಹೊತ್ತನ್ನೇ ಮೊಬೈಲು ತೆಗೆದುಕೊಂಡಿದೆ. ಇಂದು ಒಕ್ಕಲುಮನೆತನದ ಮಕ್ಕಳೇ ‘ಹಗೇವು’, ‘ಕೂರಿಗೆ’ ಎಂದರೇನೆಂದು ನಮ್ಮನ್ನು ಕೇಳುತ್ತಾರೆ. ಮನೆಯಲ್ಲಿ ಮಾತು ನಿಂತರೆ ಈ ಶಾಲೆಗೆ ಬರುವ ಮಕ್ಕಳೂ ಇಲ್ಲವಾಗುತ್ತಾರೆ.

ಮೊಬೈಲನ್ನು ನಾವು ನಿಂದಿಸುವುದಿಲ್ಲ. ಕಬ್ಬು ಕಡಿಯಲು ದೂರ ಹೋದ ತಂದೆ-ತಾಯಿಯ ದನಿ ಮಗುವಿಗೆ ಕೇಳುವುದು ಅದರಿಂದಲೇ. ಆ ಕರೆಗೆ ಯಾವ ಹೊತ್ತಿನಲ್ಲೂ ಅಡ್ಡಿ ಬೇಡ.

ಉಳಿದಂತೆ, ಸಂಜೆ 7ರಿಂದ 8-30ರವರೆಗೆ ಪ್ರತಿ ಮನೆಯಲ್ಲಿಯೂ ಮೊಬೈಲು ಮಾಡದ ಮೇಲಿರಲಿ. ಮೊದಲು ಹಿರಿಯರದು, ಅನಂತರ ಮಕ್ಕಳದು. ಆ ವೇಳೆಯಲ್ಲಿ ವಾಟ್ಸಾಪ್‌ನಲ್ಲಿ ಯಾವ ಸಂದೇಶವನ್ನೂ ನಾವು ಕಳುಹಿಸುವುದಿಲ್ಲ. ಮನೆಗೆಲಸವನ್ನು ಶಾಲೆಯಲ್ಲಿಯೇ ವಹಿಯಲ್ಲಿ ಬರೆಯಿಸಿ ಕಳುಹಿಸುತ್ತೇವೆ. ಹಳೆಯ ವಿದ್ಯಾರ್ಥಿಗಳು ತಾವು ಓದಿ ಮೆಚ್ಚಿದ ಒಂದೊಂದು ಕನ್ನಡ ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಡಲಿ. ಅವು ಸರದಿಯಂತೆ ಮಕ್ಕಳ ಮನೆ ಸೇರುತ್ತವೆ.

ನಮ್ಮ ಊರಿನಲ್ಲಿ ಸೈರನ್ ಇಲ್ಲ. ಗುಡಿಯ ಸಂಜೆಯ ಗಂಟೆ ಇದೆ. ಅದೇ ನಮಗೆ ಸಾಕು. ಬರುವ ಸೋಮವಾರದಿಂದಲೇ ಆರಂಭಿಸೋಣ ಎಂದು ಪ್ರಾರ್ಥಿಸುತ್ತೇವೆ.